ಅದೇ ಪುಸ್ತಕ ಮತ್ತೆ ಯಾಕೆ?

ಪ್ರಶ್ನೆ: ನಾನು ಮೂಲತಃ ವಿಜಯಪುರ ಜಿಲ್ಲೆಯವನು. ಮಹಾರಾಷ್ಟ್ರದ ಇಂದಾಪುರ ತಾಲ್ಲೂಕಿನ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿದ್ದೇನೆ, ಬರುವ ವರ್ಷ ನಿವೃತ್ತಿ. ಹುಡುಗನಾಗಿದ್ದಾಗ ಇಂದ್ರಜಾಲ ಕಾಮಿಕ್ಸ್‌ನಿಂದ ಹತ್ತಿದ ಹುಚ್ಚು ಈಗ ಬ್ರಿಟನ್ನಿನ ‘ಡ್ಯಾನ್ ಡೇರ್’ ಕಾಮಿಕ್ಸ್‌ನ ಮರುಮುದ್ರಣಗಳಿಗೆ ಬಂದು ನಿಂತಿದೆ. ಹಾಕ್ ಬುಕ್ಸ್‌ನ ಹನ್ನೆರಡು ಸಂಪುಟಗಳಲ್ಲಿ ಒಂಬತ್ತು ಸಿಕ್ಕಿವೆ. ನಡುವೆ ಟೈಟನ್‌ನವರ ಆವೃತ್ತಿಯನ್ನೂ ತರಿಸತೊಡಗಿದೆ. ಪಾರ್ಸಲ್‌ಗಳು ಕಾರ್ಖಾನೆಯ ವಿಳಾಸಕ್ಕೆ ಬರುತ್ತವೆ, ನಾಲ್ಕನ್ನು ಇನ್ನೂ ಬಿಚ್ಚಿಲ್ಲ. ಮೊನ್ನೆ ಕಪಾಟಿನಲ್ಲಿ ಎರಡೂ ಪ್ರತಿ ಕಂಡ ಹೆಂಡತಿ, “ಅದ ಪುಸ್ತಕ ಮತ್ತ ಯಾಕ ತಂದ್ರಿ?” ಎಂದಳು. ಉತ್ತರ ಹೊಳೆಯಲಿಲ್ಲ. ಮಗ, “ಮೂಲ ಪ್ರತಿಯಾಗಿದ್ದರೆ ಬೆಲೆಯಾದರೂ ಬರುತ್ತಿತ್ತು, ಇವು ಬರೀ ಮರುಮುದ್ರಣ” ಎನ್ನುತ್ತಾನೆ. ಎಲ್ಲ ಮಾರಿಬಿಡಲೇ?
— ಓದುಗರು, ಇಂದಾಪುರ

ಉತ್ತರ: ಮಾರಬೇಡಿ. ಮನೆಯವರ ಮುಂದೆ ತಲೆತಗ್ಗಿಸುವಂತಾದ ಗಳಿಗೆಯಲ್ಲಿ ಮಾರಿದರೆ ನಾಳೆ ಕೊರಗುತ್ತೀರಿ, ನಾಡಿದ್ದು ಅದನ್ನೇ ಹೆಚ್ಚು ದುಡ್ಡು ಕೊಟ್ಟು ತರಿಸುತ್ತೀರಿ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ನಿಮ್ಮ ಮನೆಯವರ ಪ್ರಶ್ನೆ. ಅವರು “ಎಷ್ಟು ಖರ್ಚಾಯಿತು” ಎಂದು ಕೇಳಲಿಲ್ಲ, “ಯಾಕೆ” ಎಂದು ಕೇಳಿದರು. ನೀವು ಅದನ್ನು ಆಪಾದನೆ ಎಂದು ತಿಳಿದು ಸುಮ್ಮನಾದಿರಿ. ಆದರೆ ಆ ಪ್ರಶ್ನೆಗೆ ನಿಜವಾದ ಉತ್ತರವಿದೆ, ಅದು ನಿಮಗೆ ಗೊತ್ತೂ ಇದೆ. ಒಂದು ಭಾನುವಾರ ಮಧ್ಯಾಹ್ನ ಹಾಕ್ ಸಂಪುಟವನ್ನೂ ಟೈಟನ್ ಸಂಪುಟವನ್ನೂ ಅವರ ಮುಂದಿಟ್ಟು ಒಂದೇ ಪುಟ ತೆರೆಯಿರಿ. 1987ರಿಂದ 1995ರವರೆಗೆ ಬಂದ ಹಾಕ್ ಸಂಪುಟಗಳು ದೊಡ್ಡ ಆಕಾರದವು. 2004ರಿಂದ ಬಂದ ಟೈಟನ್ ಪುಸ್ತಕಗಳು ಕೈಯಲ್ಲಿ ಹಿಡಿದು ಓದಲು ಹಗುರ, ಆದರೆ ಪುಟ ಚಿಕ್ಕದು. ಡ್ಯಾನ್ ಡೇರ್‌ನನ್ನು ಹುಟ್ಟಿಸಿದ ಚಿತ್ರಕಾರ ಫ್ರ್ಯಾಂಕ್ ಹ್ಯಾಂಪ್ಸನ್ ಇದನ್ನು ಬರೆದದ್ದು ‘ಈಗಲ್’ ವಾರಪತ್ರಿಕೆಯ ಅಗಲವಾದ ಪುಟಕ್ಕೆ. ಚಿಕ್ಕ ಪುಟದಲ್ಲಿ ಕಥೆ ಸಿಗುತ್ತದೆ, ಆ ಆಕಾಶದ ವಿಸ್ತಾರ ಕುಗ್ಗುತ್ತದೆ. ಈ ವ್ಯತ್ಯಾಸ ಕಾಣಲು ಇಂಗ್ಲಿಷ್ ಬರಬೇಕಾಗಿಲ್ಲ, ಕಾಮಿಕ್ಸ್ ಹುಚ್ಚೂ ಬೇಕಾಗಿಲ್ಲ.

ಹಾಗೆಯೇ ಕಥೆಯನ್ನೂ ಹೇಳಿ. 1950ರ ಏಪ್ರಿಲ್ 14ರಂದು ಮಾರ್ಕಸ್ ಮಾರಿಸ್ ಎಂಬ ಪಾದ್ರಿಯ ಸಂಪಾದಕತ್ವದಲ್ಲಿ ‘ಈಗಲ್’ ಹೊರಬಂದಾಗ, ಅದರ ಮುಖಪುಟದಿಂದಲೇ ಶುರುವಾದ ಮೊದಲ ಕಥೆಯಲ್ಲಿ ಡ್ಯಾನ್ ಡೇರ್ ಶುಕ್ರಗ್ರಹಕ್ಕೆ ಹೊರಡುವುದು ಯುದ್ಧಕ್ಕಲ್ಲ, ಅನ್ನಕ್ಕಾಗಿ. ಭೂಮಿಯಲ್ಲಿ ಆಹಾರ ಸಾಲುತ್ತಿಲ್ಲ, ಅಲ್ಲಿ ಬೆಳೆ ಸಿಗಬಹುದೆಂಬ ಆಸೆ. ಬ್ರಿಟನ್ನಿನಲ್ಲಿ ಆಗಿನ್ನೂ ರೇಷನ್ ಇತ್ತು, ಪೂರ್ತಿ ತೆಗೆದದ್ದು 1954ರಲ್ಲಿ. ರೇಷನ್ನಿನ ಕಾಲದ ಮಕ್ಕಳಿಗಾಗಿ ಬರೆದ ಕಥೆ ಅದು. 1972ರ ಬರ ಕಂಡ ಸೊಲ್ಲಾಪುರ, ವಿಜಯಪುರ ಸೀಮೆಯ ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಮನೆಯವರೂ ಆ ಸೀಮೆಯವರೇ ಆಗಿದ್ದರೆ, ಕಥೆಯ ಖಳನಾಯಕ ಮೆಕಾನ್‌ನ ಹಸಿರು ಮುಖಕ್ಕಿಂತ ಬೇಗ ಅವರಿಗೆ ತಟ್ಟುವುದು ಈ ಹಸಿವು.

ಹ್ಯಾಂಪ್ಸನ್ನನ ಕೆಲಸದ ಬಗೆಯನ್ನೂ ಹೇಳಬಹುದು. ವಾರಕ್ಕೆ ಎರಡು ಪುಟಕ್ಕಾಗಿ ಆತ ಸಹಾಯಕರನ್ನು ಇಟ್ಟುಕೊಂಡ, ಗಗನನೌಕೆಗಳ ಮಾದರಿ ಮಾಡಿಸಿದ, ಮನೆಮಂದಿಯನ್ನೂ ಗೆಳೆಯರನ್ನೂ ನಿಲ್ಲಿಸಿ ಫೋಟೊ ತೆಗೆದು ಅದರ ಮೇಲೆ ಚಿತ್ರ ಬರೆದ. ಕಥೆಯಲ್ಲಿ ಬರುವ ಸರ್ ಹ್ಯೂಬರ್ಟ್‌ನ ಮುಖ ಅವನ ತಂದೆಯದು. ಇಷ್ಟು ದುಡಿದವನಿಗೆ ತಾನು ಹುಟ್ಟಿಸಿದ ಪಾತ್ರದ ಹಕ್ಕು ಉಳಿಯಲಿಲ್ಲ. 1959ರಲ್ಲಿ ಡ್ಯಾನ್ ಡೇರ್ ಬಿಟ್ಟ. 1975ರಲ್ಲಿ ಇಟಲಿಯ ಲುಕ್ಕಾದಲ್ಲಿ ಕಾಮಿಕ್ಸ್ ಕಲಾವಿದರೆಲ್ಲ ಸೇರಿ ಗೌರವಿಸಿದರು. 1985ರಲ್ಲಿ ತೀರಿಕೊಂಡ. ನಿಮ್ಮ ಕಪಾಟಿನ ಹಾಕ್ ಮಾಲೆಯ ಮೊದಲ ಸಂಪುಟ ಬಂದದ್ದು ಅದಾದ ಎರಡು ವರ್ಷಕ್ಕೆ. ಮರುಮುದ್ರಣ ಅಂದರೆ ಕಡಿಮೆ ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. 1969ರಲ್ಲಿ ‘ಈಗಲ್’ ನಿಂತಿತು. ಮತ್ತೆ ಅಚ್ಚಾಗದಿದ್ದರೆ ಇಂದಾಪುರದಲ್ಲಿ ಕೂತು ನೀವು ಆ ಮನುಷ್ಯನ ಕೈಕೆಲಸ ನೋಡುವುದು ಹೇಗಿತ್ತು?

ಮಗ ಹೇಳಿದ್ದರಲ್ಲಿ ಅರ್ಧ ಸರಿ. ಇವುಗಳಿಂದ ದುಡ್ಡಾಗುತ್ತದೆ ಎಂದು ನೀವು ಮನಸ್ಸಿನೊಳಗೆ ಲೆಕ್ಕ ಹಾಕಿಕೊಂಡಿದ್ದರೆ ಅದನ್ನು ಬಿಡಿ, ನಿವೃತ್ತಿಯ ಹಣದ ಜೊತೆ ಇದನ್ನು ಸೇರಿಸಬೇಡಿ. ಉಳಿದರ್ಧಕ್ಕೆ ಅವನಿಗೆ ಇಷ್ಟು ಹೇಳಿ: ಅಪ್ಪ ಓದಿ ಬೆಳೆದ ಇಂದ್ರಜಾಲವೂ ಬಹುಪಾಲು ಮರುಮುದ್ರಣವೇ. ಫ್ಯಾಂಟಮ್ ಅಮೆರಿಕದ ದಿನಪತ್ರಿಕೆಗಳಲ್ಲಿ 1936ರಲ್ಲಿ ಶುರುವಾದವನು, ಇಂದ್ರಜಾಲದ ಮೊದಲ ಸಂಚಿಕೆ ಬಂದದ್ದು 1964ರಲ್ಲಿ. ಆಮೇಲೆ ಅದರಲ್ಲಿ ಬಂದ ಗಾರ್ತ್ ಲಂಡನ್ನಿನ ‘ಡೈಲಿ ಮಿರರ್’ನವನು. ಹ್ಯಾಂಪ್ಸನ್ ಬಿಟ್ಟ ಮೇಲೆ ಡ್ಯಾನ್ ಡೇರ್ ಚಿತ್ರ ಬರೆದ ಫ್ರ್ಯಾಂಕ್ ಬೆಲಮಿಯೇ 1971ರಿಂದ 1976ರಲ್ಲಿ ಸಾಯುವವರೆಗೆ ಗಾರ್ತ್‌ನನ್ನೂ ಬರೆದ. ನಿಮ್ಮ ಹುಡುಗುತನದ ಓದಿಗೂ ಈಗಿನದಕ್ಕೂ ಹೀಗೆ ಒಂದು ನೇರ ದಾರಿಯಿದೆ.

ಇನ್ನು ನಿಮಗೆ ಹಿತವಾಗದ ಮಾತು. ಕಾರ್ಖಾನೆಗೆ ಬರುವ ಪಾರ್ಸಲ್ ತಪ್ಪು. ಪುಸ್ತಕ ಕೊಂಡದ್ದಕ್ಕಿಂತ ಮುಚ್ಚಿಟ್ಟದ್ದು ಮನೆಯವರಿಗೆ ಹೆಚ್ಚು ನೋವು ಕೊಡುತ್ತದೆ. ಬೇರೆಯವರಿಂದ ಗೊತ್ತಾದರೆ ಇನ್ನೂ ಹೆಚ್ಚು. ನೀವಾಗಿ ಹೇಳಿ. ಪುಸ್ತಕದ ಬೆಲೆ, ಸಾಗಣೆ, ಸುಂಕ ಎಲ್ಲ ಸೇರಿಸಿ ಒಟ್ಟು ಎಷ್ಟಾಯಿತೆಂದು ಅವರು ಕೇಳುವ ಮೊದಲೇ ಬರೆದು ತೋರಿಸಿ. ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಆ ಹಕ್ಕು ಅವರಿಗಿದೆ. ಮುಂದೆ ತಿಂಗಳಿಗೆ ಎಷ್ಟು ಎಂಬುದನ್ನು ಪಿಂಚಣಿಯ ಲೆಕ್ಕ ಮುಂದಿಟ್ಟುಕೊಂಡು ಇಬ್ಬರೂ ಕೂತು ತೀರ್ಮಾನಿಸಿ.

ಬಿಚ್ಚದ ನಾಲ್ಕು ಪಾರ್ಸಲ್ ನನಗೆ ಚಿಂತೆ ತಂದಿತು. ಓದುವ ಆಸೆ ತರಿಸುವ ಚಟವಾಗಿ ತಿರುಗುವಾಗ ಮೊದಲು ಕಾಣುವುದು ಹೀಗೇ. ಆ ನಾಲ್ಕನ್ನೂ ಮನೆಗೆ ತಂದು, ಬಿಚ್ಚಿ, ಓದಿ ಮುಗಿಸುವವರೆಗೆ ಹೊಸದನ್ನು ತರಿಸಬೇಡಿ. ಎಷ್ಟೇ ಗಟ್ಟಿ ಮನಸ್ಸು ಮಾಡಿದರೂ ಕೈ ತಡೆಯಲಾಗದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಮರಾಠಿಯಲ್ಲೂ ಕನ್ನಡದಲ್ಲೂ ಮಾತಾಡಬಹುದು.

ಎರಡು ಮಾಲೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದರೆ ನಾನು ಹಾಕ್ ಅನ್ನುತ್ತೇನೆ. ಪುಟದ ಅಳತೆಯ ಕಾರಣ ಮೇಲೆ ಹೇಳಿದೆ, ಒಂಬತ್ತು ಈಗಾಗಲೇ ನಿಮ್ಮಲ್ಲಿವೆ. ಉಳಿದ ಮೂರಕ್ಕೆ ಅವಸರ ಬೇಡ, ಒಳ್ಳೆಯ ಪ್ರತಿ ಸಿಗುವವರೆಗೆ ಕಾಯಿರಿ. ಹಾಕ್‌ನಲ್ಲೂ ಇರುವ ಕಥೆಗಳ ಟೈಟನ್ ಪ್ರತಿಗಳನ್ನು ಪುಣೆಯ ಹಳೆ ಪುಸ್ತಕದವರಿಗೋ ಇನ್ನೊಬ್ಬ ಸಂಗ್ರಹಕಾರರಿಗೋ ಕೊಟ್ಟು, ಬಂದ ಹಣವನ್ನು ಈ ಮೂರಕ್ಕೆ ಎತ್ತಿಡಿ. ಆದರೆ ಶುಕ್ರಗ್ರಹದ ಕಥೆಯ ಟೈಟನ್ ಪ್ರತಿಯನ್ನು ಕೊಡುವ ಮೊದಲು, ಅದು ಬೇಕೇ ಎಂದು ಮಗನನ್ನು ಒಂದು ಮಾತು ಕೇಳಿ.