ಪಿಂಗಾಣಿಯ ತಳದಲ್ಲಿರುವ ಮುದ್ರೆ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಹಳೆಯ ಪೇಟೆಮನೆಗಳಲ್ಲಿ ಗಾಜಿನ ಬಾಗಿಲುಳ್ಳ ಕಪಾಟೊಂದು ಇರುವುದುಂಟು. ಹೂವಿನ ಚಿತ್ರವುಳ್ಳ ಒಂದೆರಡು ಪಿಂಗಾಣಿ ತಟ್ಟೆಗಳನ್ನು ಅದರಲ್ಲಿ ನಿಲ್ಲಿಸಿಟ್ಟಿರುತ್ತಾರೆ. ರಾಣೆಬೆನ್ನೂರಿನ ಅಂಥದೊಂದು ಮನೆಯಲ್ಲಿ ನಾವು ನೋಡಿದ ತಟ್ಟೆಯ ತಳದಲ್ಲಿ ನೀಲಿ ಬಣ್ಣದ ಎರಡು ಕತ್ತಿಗಳು ಒಂದನ್ನೊಂದು ಅಡ್ಡಹಾಯ್ದಿದ್ದವು. ಅವುಗಳ ಕೆಳಗೆ ಇಂಗ್ಲಿಷಿನಲ್ಲಿ 'ಜರ್ಮನಿ' ಎಂಬ ಸಣ್ಣ ಬರಹವಿತ್ತು. ಟಿಪ್ಪುವಿನ ಕಾಲದಲ್ಲಿ ಸವಣೂರು ನವಾಬರ ಅರಮನೆಯಿಂದ ತಮ್ಮ ಹಿರಿಯರಿಗೆ ಬಂದುದೆಂದು ಮನೆಯ ಯಜಮಾನರು ಹೇಳಿದರು. ಅದನ್ನು ಮಾರಿ ಮಗಳ ಕಾಲೇಜಿನ ವೆಚ್ಚವನ್ನು ತೂಗಿಸಬೇಕೆಂಬುದು ಅವರ ಆಲೋಚನೆ.

ಕತ್ತಿಗಳ ಮುದ್ರೆಯೇನೋ ಜಗತ್ಪ್ರಸಿದ್ಧವಾದುದು. ಗಟ್ಟಿ ಪಿಂಗಾಣಿಯ ಗುಟ್ಟು ಬಹುಕಾಲ ಚೀನ ಮೊದಲಾದ ಪೂರ್ವದೇಶಗಳಲ್ಲಿಯೇ ಉಳಿದಿದ್ದಿತು. ಬಂಗಾರ ಮಾಡಬಲ್ಲೆನೆಂದು ಹೇಳಿಕೊಂಡಿದ್ದ ಬೊಟ್ಗರ್ ಎಂಬ ತರುಣ ರಸವಾದಿಯನ್ನು ಸ್ಯಾಕ್ಸನಿಯ ದೊರೆ ಆಗಸ್ಟಸನು ಕಾವಲಿನಲ್ಲಿರಿಸಿದ್ದನು. ಬಂಗಾರವು ಹುಟ್ಟಲಿಲ್ಲ; ಚಿರ್ನ್‌ಹೌಸ್ ಎಂಬ ವಿದ್ವಾಂಸನೊಡನೆ ಅವನು ನಡೆಸಿದ ಪ್ರಯೋಗಗಳಿಂದ ೧೭೦೮ರ ಸುಮಾರಿಗೆ ಪಿಂಗಾಣಿ ಹುಟ್ಟಿತು. ೧೭೧೦ರಲ್ಲಿ ಮೈಸೆನ್ ಎಂಬ ಊರಿನಲ್ಲಿ ಕಾರ್ಖಾನೆ ಏರ್ಪಟ್ಟಿತು. ೧೭೨೦ರ ದಶಕದಲ್ಲಿ ಸ್ಯಾಕ್ಸನಿಯ ಲಾಂಛನದಿಂದ ಕತ್ತಿಗಳನ್ನು ತೆಗೆದುಕೊಂಡು ಅಲ್ಲಿಯ ಪಾತ್ರೆಗಳ ಮೇಲೆ ಬರೆಯತೊಡಗಿದರು.

ಆ ಕತ್ತಿಗಳಿಗೆ ನೀಲಿಯ ಬಣ್ಣವೇ ಏಕೆ? ಗಟ್ಟಿ ಪಿಂಗಾಣಿಯು ಸುಮಾರು ೧೪೦೦ ಡಿಗ್ರಿ ಸೆಂಟಿಗ್ರೇಡಿನ ಉರಿಯಲ್ಲಿ ಬೇಯುತ್ತದೆ. ಬಹುತೇಕ ಬಣ್ಣಗಳು ಅಷ್ಟು ಶಾಖದಲ್ಲಿ ಕೆಟ್ಟುಹೋಗುವುವು. ಕೋಬಾಲ್ಟ್ ಧಾತುವಿನ ನೀಲಿ ಮಾತ್ರ ನಿಲ್ಲಬಲ್ಲುದು. ಆದುದರಿಂದ ಮೊದಲು ಕೋಬಾಲ್ಟಿನಿಂದ ಮುದ್ರೆಯನ್ನು ಬರೆದು, ಅದರ ಮೇಲೆ ಗಾಜಿನಂತಹ ಮೆರುಗನ್ನು ಲೇಪಿಸಿ, ಆಮೇಲೆ ಸುಡುತ್ತಿದ್ದರು. ಇಂತಹ ಮುದ್ರೆ ಮೆರುಗಿನ ಅಡಿಯಲ್ಲಿರುವುದರಿಂದ ಉಗುರನ್ನಾಡಿಸಿದರೆ ಏನೂ ತಗುಲದು. ಕೆಂಪು, ಬಂಗಾರ ಮುಂತಾದ ಬಣ್ಣಗಳನ್ನು ಮೆರುಗಿನ ಮೇಲೆ ಹಾಕಿ ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಸುಡುವುದು ವಾಡಿಕೆ. ಅವು ಉಗುರಿಗೆ ತಗುಲುವುದುಂಟು, ಸವೆಯುವುದೂ ಉಂಟು. ಮೆರುಗಿನ ಮೇಲಣ ಮುದ್ರೆಯನ್ನು ಎಷ್ಟೋ ವರ್ಷಗಳ ಅನಂತರವೂ ಸೇರಿಸಬಹುದೆಂಬುದನ್ನು ನೆನಪಿನಲ್ಲಿಡಬೇಕು.

ನಮ್ಮ ತಟ್ಟೆಯ ಕತ್ತಿಗಳು ಉಗುರಿಗೆ ತಗುಲಿದವು. ಮೈಸೆನ್ನಿನವರು ಕುಂಚದಿಂದ ಕೈಯಾರೆ ಬರೆಯುತ್ತಿದ್ದುದರಿಂದ ಅಲ್ಲಿನ ಕತ್ತಿಗಳಲ್ಲಿ ಒಂದರಂತೆ ಇನ್ನೊಂದಿರದು. ಇಲ್ಲಿಯಾದರೋ ಕತ್ತಿಗಳನ್ನೂ ಬರಹವನ್ನೂ ಒಂದೇ ಅಚ್ಚಿನಿಂದ ಒತ್ತಿದಂತಿತ್ತು. ಹೆಸರಾಂತ ಮುದ್ರೆಗೆ ಅನುಕರಣೆ ತಪ್ಪದು. ಕತ್ತಿಗಳನ್ನೋ ಅವುಗಳನ್ನು ಹೋಲುವ ಗೀಟುಗಳನ್ನೋ ಹಾಕಿದ ಕಾರ್ಖಾನೆಗಳು ಯುರೋಪಿನಲ್ಲಿ ಅನೇಕವಿದ್ದವು.

ಆದರೆ ನಮಗೆ ಕತ್ತಿಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದುದು ಆ ಸಣ್ಣ ಬರಹವೇ. ವಿದೇಶದ ಸರಕನ್ನು ಸ್ವದೇಶದ್ದೆಂದು ಮಾರುವುದನ್ನು ತಡೆಯಲು ಇಂಗ್ಲೆಂಡು ೧೮೮೭ರಲ್ಲಿ ಸರಕಿನ ಗುರುತುಗಳ ಕಾನೂನೊಂದನ್ನು ಮಾಡಿತು. ಭಾರತದಲ್ಲಿ ಅಂತಹದೇ ಕಾನೂನು ೧೮೮೯ರಲ್ಲಿ ಬಂದಿತು. ಆಮದಿನ ಸರಕುಗಳ ಮೇಲೆ ದೇಶದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿರಬೇಕೆಂದು ಅಮೆರಿಕವು ೧೮೯೦ರಲ್ಲಿ ವಿಧಿಸಿ, ಮರುವರ್ಷದಿಂದ ಜಾರಿಗೆ ತಂದಿತು. ತಟ್ಟೆಗಳ ತಳದಲ್ಲಿ ದೇಶದ ಹೆಸರು ಸಾಮಾನ್ಯವಾದುದು ಆ ಬಳಿಕ. ಅಷ್ಟೇ ಅಲ್ಲದೆ, ಜರ್ಮನಿಯ ಬೇರೆಬೇರೆ ಸಂಸ್ಥಾನಗಳು ಕೂಡಿ ಒಂದೇ ಸಾಮ್ರಾಜ್ಯವಾದುದೇ ೧೮೭೧ರಲ್ಲಿ. ಟಿಪ್ಪು ಮಡಿದುದು ೧೭೯೯ರಲ್ಲಿ.

ಮುದ್ರೆಯನ್ನು ಆಮೇಲೆ ಒತ್ತಿರಬಾರದೇಕೆ ಎಂಬ ಸಂದೇಹ ಉಳಿಯಿತು. ಮಸೂರವನ್ನು ಹಿಡಿದು ಹೂವಿನ ಚಿತ್ರವನ್ನೇ ನೋಡಿದೆವು. ದಳಗಳ ಬಣ್ಣವು ಕುಂಚದ ಎಳೆಗಳಾಗಿರದೆ ಸೂಜಿಮೊನೆಯಂತಹ ಚುಕ್ಕೆಗಳಾಗಿ ಒಡೆಯಿತು. ಕಾಗದದ ಮೇಲೆ ಮುದ್ರಿಸಿದ ಚಿತ್ರವನ್ನು ಪಿಂಗಾಣಿಗೆ ಅಂಟಿಸಿ ಸುಡುವ ಈ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹಬ್ಬಿದುದು.

ಇಂಗ್ಲೆಂಡಿನ ತಟ್ಟೆಗಳಿಗೆ ಬೇರೆ ಗುರುತುಗಳಿವೆ. ಹರಳಿನಾಕಾರದ ನೋಂದಣಿ ಚಿಹ್ನೆಯು ೧೮೪೨ರಿಂದ ೧೮೮೩ರವರೆಗಿನದು. ೧೮೮೪ರಿಂದ ಅದರ ಬದಲು 'ಆರ್‌ಡಿ' ಎಂಬ ಅಕ್ಷರಗಳೊಡನೆ ಸಂಖ್ಯೆ ಬರುತ್ತದೆ. ಆ ಸಂಖ್ಯೆ ೧೯೦೦ರ ಹೊತ್ತಿಗೆ ಮೂರೂವರೆ ಲಕ್ಷವನ್ನು ದಾಟಿದ್ದಿತು. ಇವೆಲ್ಲವೂ ವಿನ್ಯಾಸವನ್ನು ನೋಂದಿಸಿದ ಕಾಲವನ್ನು ಹೇಳುವುವೇ ಹೊರತು ತಟ್ಟೆಯನ್ನು ಸುಟ್ಟ ಕಾಲವನ್ನಲ್ಲ.

"ಇಸವಿಯನ್ನೇ ಬರೆದಿದ್ದರೆ ಸಂಶಯಕ್ಕೆ ಎಡೆಯಿಲ್ಲವಷ್ಟೆ?" ಎಂದು ಯಜಮಾನರು ಕೇಳಿದರು. ಅವರ ಹಿತ್ತಿಲಿನಲ್ಲಿ ಬಿದ್ದಿದ್ದ ಮಂಗಳೂರು ಹಂಚೊಂದನ್ನು ತೋರಿಸಿದೆವು. ಅದರಲ್ಲಿ ಬಾಸೆಲ್ ಮಿಷನ್ನಿನ ಹೆಸರೂ ೧೮೬೫ ಎಂಬ ಇಸವಿಯೂ ಇದ್ದವು. ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ವರ್ಷವದು. ಹಂಚನ್ನು ಒತ್ತಿದ ವರ್ಷವಲ್ಲ. ಯುರೋಪಿನ ಅನೇಕ ಪಿಂಗಾಣಿ ಮುದ್ರೆಗಳಲ್ಲಿ ಕಾಣುವ ಇಸವಿಯೂ ಹೀಗೆ ಸ್ಥಾಪನೆಯದೇ ಆಗಿರುತ್ತದೆ.

ತಟ್ಟೆ ಸವಣೂರಿನ ಅರಮನೆಯದೇ ಆಗಿರಲಾರದೆಂದು ನಾವು ಹೇಳಲಿಲ್ಲ. ನವಾಬರ ಆಳ್ವಿಕೆ ೧೯೪೮ರವರೆಗೂ ನಡೆದಿದ್ದಿತು. ೧೮೯೦ರ ಈಚೆಗೆ ಕೊಂಡ ತಟ್ಟೆಯೂ ಅಲ್ಲಿಂದ ಬಂದಿರಬಹುದು. ಆದರೆ ಅದು ಮೈಸೆನ್ನಿನದಲ್ಲ, ಟಿಪ್ಪುವಿನ ಕಾಲದ್ದೂ ಅಲ್ಲ. ಅವರು ಎಣಿಸಿದ್ದ ಬೆಲೆ ಬರಲಾರದು. ಯಜಮಾನರು ತಟ್ಟೆಯನ್ನು ಒರೆಸಿ ಕಪಾಟಿನಲ್ಲಿ ಮೊದಲಿನ ಜಾಗದಲ್ಲಿಯೇ ನಿಲ್ಲಿಸಿದರು. ಕಾಲೇಜಿನ ಹಣಕ್ಕೆ ಬೇರೆ ದಾರಿಯನ್ನು ನೋಡಬೇಕೆಂದರು.