ನಾನಾನ ಪದ ಮತ್ತು ಕೆಂಪು ದೀಪ
(ಆಡಿಯೋ ಇಂಟರ್‌ಫೇಸ್ ಬಳಸುವ ಬಗ್ಗೆ ಒಂದು ಪಾಠ)



ಭೌತಶಾಸ್ತ್ರದ ಅಲೆಗಳ ಪಾಠದಲ್ಲಿ ಆಂಪ್ಲಿಟ್ಯೂಡ್, ಅಂದರೆ ಅಲೆಯ ಎತ್ತರ, ಎಂದು ಓದಿದ್ದೇವೆ. ನನಗೆ ಅದು ಎರಡು ಅಂಕದ ಪ್ರಶ್ನೆಯಷ್ಟೇ ಆಗಿತ್ತು. ಅದರ ಬೆಲೆ ಗೊತ್ತಾದದ್ದು ಮಸ್ಕಿ ಹತ್ತಿರದ ಹಳ್ಳಿಯಲ್ಲಿ, ನಮ್ಮ ತಾಯಿಯ ತಂದೆಯ ಮುಂದೆ ಕುಳಿತಾಗ.

ನಮ್ಮ ನಾನಾ ಮನೆಯಲ್ಲಿ ಉರ್ದು ಮಾತಾಡುತ್ತಾರೆ, ಆದರೆ ಪದ ಹಾಡುವುದು ಕನ್ನಡದಲ್ಲಿ. ಮೊಹರಂ ಬಂದರೆ ನಮ್ಮ ಭಾಗದ ಹಳ್ಳಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿ ಕರ್ಬಲಾದ ಕಥೆಯನ್ನು ರಿವಾಯತ್ ಪದಗಳಾಗಿ ಹಾಡುವುದು ನಿಮಗೆ ಗೊತ್ತೇ ಇದೆ. ನಾನಾನಿಗೆ ಓದು ಬರಹ ಬಾರದು. ಪದಗಳೆಲ್ಲ ಬಾಯಿಪಾಠ. ಒಂದು ಹಾಳೆಯಲ್ಲೂ ಬರೆದಿಟ್ಟಿಲ್ಲ. ಅದಕ್ಕೇ ರೆಕಾರ್ಡ್ ಮಾಡಬೇಕೆಂದು ಹೊರಟೆ.

ಮೊದಲು ಮೊಬೈಲಿನಲ್ಲೇ ಮಾಡಿದೆ. ಫ್ಯಾನಿನ ಸದ್ದು, ಗಾಳಿಯ ಸದ್ದು, ನಡುನಡುವೆ ತಾನೇ ಏರಿ ಇಳಿಯುವ ದನಿ. ಸಿಂಧನೂರಿನಲ್ಲಿ ಪರಿಚಯದ ಒಬ್ಬರು ಚಿಕ್ಕ ಸ್ಟುಡಿಯೋ ನಡೆಸುತ್ತಾರೆ. ಅವರು ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಪೆಟ್ಟಿಗೆ ಕೊಟ್ಟರು. ಅದೇ ಆಡಿಯೋ ಇಂಟರ್‌ಫೇಸ್. ಮೈಕಿನಿಂದ ಬರುವ ಸಣ್ಣ ವಿದ್ಯುತ್ ಸಂಕೇತವನ್ನು ಅದು ಮೊದಲು ದೊಡ್ಡದು ಮಾಡುತ್ತದೆ, ನಂತರ ಅಂಕಿಗಳಾಗಿ ಬದಲಿಸಿ ಯುಎಸ್‌ಬಿ ತಂತಿಯಲ್ಲಿ ಲ್ಯಾಪ್‌ಟಾಪಿಗೋ ಮೊಬೈಲಿಗೋ ಕಳಿಸುತ್ತದೆ. ಎಷ್ಟು ದೊಡ್ಡದು ಮಾಡಬೇಕು ಎಂಬುದನ್ನು ಹೇಳುವ ತಿರುಗಣಿಯ ಹೆಸರು ಗೇನ್.

ನನ್ನ ತಪ್ಪು ಆ ತಿರುಗಣಿಯಲ್ಲೇ ಆಯಿತು. ನಾನಾ ಮೆಲ್ಲಗೆ ಮಾತಾಡುವಾಗ ಗೇನ್ ಇಟ್ಟೆ. ಪದ ಏರಿದಂತೆ ದನಿಯೂ ಏರಿತು, ಪೆಟ್ಟಿಗೆಯ ಮೇಲೆ ಕೆಂಪು ದೀಪ ಹೊತ್ತಿತು. ರೆಕಾರ್ಡ್ ಆಗುತ್ತಿದೆ ಎಂದು ಖುಷಿಪಟ್ಟೆ! ಮುಕ್ಕಾಲು ಗಂಟೆ ಆ ದೀಪ ಆಗಾಗ ಹೊತ್ತುತ್ತಲೇ ಇತ್ತು.

ಸಿಂಧನೂರಿಗೆ ಬಂದು ಸ್ಟುಡಿಯೋದ ಪರದೆಯ ಮೇಲೆ ನೋಡಿದರೆ ಅಲೆಗಳ ತಲೆ ಕತ್ತರಿಸಿದ ಹಾಗೆ ಚಪ್ಪಟೆ. ಇದಕ್ಕೆ ಕ್ಲಿಪಿಂಗ್ ಎನ್ನುತ್ತಾರೆ. ಡಿಜಿಟಲ್ ಮೀಟರಿನ ಅತಿ ಮೇಲಿನ ಗೆರೆ 0 ಡೆಸಿಬಲ್. ಅದರ ಮೇಲೆ ಬರೆಯಲು ಅಂಕಿಯೇ ಇಲ್ಲ. ಪದದ ಎತ್ತರದ ಸಾಲುಗಳೆಲ್ಲ ಹರಿದ ಸ್ಪೀಕರಿನಂತೆ ಕೇಳುತ್ತಿದ್ದವು. ‘ಸರಿ ಮಾಡಬಹುದೇ?’ ಎಂದೆ. ‘ಒಡೆದದ್ದನ್ನು ಒರೆಸಬಹುದು, ಕಳೆದದ್ದನ್ನು ತರಲಾಗದು’ ಎಂದರು.

ಹಾಗಾದರೆ ಗೇನ್ ಎಷ್ಟು ಇಡಬೇಕು? ಹಾಡುವವರಿಂದ ಅತಿ ಎತ್ತರದ ಸಾಲನ್ನೇ ಮೊದಲು ಹಾಡಿಸಿ, ಆಗ ಮೀಟರ್ −12ರ ಹತ್ತಿರ ನಿಲ್ಲುವಂತೆ ನೋಡಿಕೊಳ್ಳಿ. ಅಲೆಯ ಎತ್ತರ ಅರ್ಧವಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಆದ್ದರಿಂದ −12 ಎಂದರೆ ಗರಿಷ್ಠದ ಕಾಲು ಭಾಗ. ದನಿ ತೀರಾ ಸಣ್ಣದಾಗದೇ ಎಂದು ಹೆದರಬೇಡಿ. 24 ಬಿಟ್ ರೆಕಾರ್ಡಿಂಗಿನಲ್ಲಿ ಒಟ್ಟು 1,67,77,216 ಮೆಟ್ಟಿಲುಗಳಿವೆ. ಅದರ ಕಾಲು ಭಾಗವೇ 41,94,304. ಸಿಡಿಯ 16 ಬಿಟ್‌ನಲ್ಲಿ ಇರುವುದೇ 65,536. ಸಣ್ಣ ದನಿಯನ್ನು ಆಮೇಲೆ ದೊಡ್ಡದು ಮಾಡಿಕೊಳ್ಳಬಹುದು.

ಎರಡು ವಾರ ಬಿಟ್ಟು ಮತ್ತೆ ಹೋದೆ. ‘ಯಾಕಪಾ, ಮೊನ್ನೀದು ಸಾಲಲಿಲ್ಲೇನು?’ ಎಂದರು ನಾನಾ. ತಪ್ಪು ನನ್ನದು ಎಂದು ಹೇಳಿದೆ, ನಕ್ಕರು. ಅಷ್ಟರಲ್ಲಿ ಅವರಿಗೆ ಜ್ವರ ಬಂದು ಹೋಗಿತ್ತು. ದನಿ ಇಳಿದಿತ್ತು. ಒಂದು ಪದದ ಕೊನೆಯ ನುಡಿ ಎಷ್ಟು ಹೊತ್ತು ಕಾದರೂ ನೆನಪಾಗಲಿಲ್ಲ. ಆ ನುಡಿ ಈಗ ಇರುವುದು ನನ್ನ ಆ ಹರಿದ ರೆಕಾರ್ಡಿಂಗಿನಲ್ಲಿ ಮಾತ್ರ. ಅರ್ಧ ಮಾತು ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ.

ಈ ಸಲ ತಯಾರಿ ಮಾಡಿಕೊಂಡಿದ್ದೆ. ಸ್ಟುಡಿಯೋದಲ್ಲಿ ಗೋಡೆಗೆ ಮೆತ್ತನೆಯ ಹೊದಿಕೆ ಇರುತ್ತದೆ; ನಾನು ಎರಡು ಕೌದಿ ಕಟ್ಟಿದೆ. ತಗಡಿನ ಪಡಸಾಲೆ ಬಿಟ್ಟು ಒಳಮನೆಯಲ್ಲಿ ಕುಳಿತೆವು. ಫ್ಯಾನ್, ಫ್ರಿಜ್ ಆರಿಸಿದೆ. ಇಂಟರ್‌ಫೇಸಿನ ಒಂದು ಬಾಯಿಗೆ ಹಾಡಿನ ಕಂಡೆನ್ಸರ್ ಮೈಕು, ಇನ್ನೊಂದಕ್ಕೆ ಹಲಗೆಯ ಸದ್ದು ತಡೆಯುವ ಡೈನಮಿಕ್ ಮೈಕು. 48 ವೋಲ್ಟ್ ಬೇಕಾಗುವುದು ಕಂಡೆನ್ಸರಿಗೆ. ಹೆಡ್‌ಫೋನ್ ಹಾಕಿ ಕೇಳುತ್ತಲೇ ಇದ್ದೆ.

ಲೆಕ್ಕವನ್ನೂ ಮಾಡಿಕೊಂಡಿದ್ದೆ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು, ಅದಕ್ಕೇ ಸೆಕೆಂಡಿಗೆ 48,000 ಸಲ. ಒಂದೊಂದು ಅಳತೆಗೆ 3 ಬೈಟ್. ಒಂದು ಮೈಕಿಗೆ ಗಂಟೆಗೆ ಸುಮಾರು 518 ಎಂಬಿ, ಎರಡು ಮೈಕಿಗೆ 1 ಜಿಬಿಗಿಂತ ಸ್ವಲ್ಪ ಹೆಚ್ಚು. ಹೋಗುವ ಮುಂಚೆ ಜಾಗ ಖಾಲಿ ಮಾಡಿಕೊಳ್ಳಿ.

ನಾನಾನ ಹಿಮ್ಮೇಳದ ಹಳೆಯ ಗೆಳೆಯರೊಬ್ಬರು ಲಿಂಗಸುಗೂರು ತಾಲ್ಲೂಕಿನಲ್ಲಿ, ಮುದಗಲ್ ಕಡೆಯ ಹಳ್ಳಿಯಲ್ಲಿದ್ದಾರೆ. ಮರೆತ ನುಡಿಗಾಗಿ ಅವರ ಹತ್ತಿರ ಹೋದೆ. ಲ್ಯಾಪ್‌ಟಾಪ್ ಇರಲಿಲ್ಲ. ಮೊಬೈಲಿಗೆ ಸಿಕ್ಕಿಸಿದರೆ ಪೆಟ್ಟಿಗೆ ಹೊತ್ತಿ ಆರಿಹೋಯಿತು. ಇಂಟರ್‌ಫೇಸಿಗೆ ಬೇಕಾದಷ್ಟು ವಿದ್ಯುತ್ತನ್ನು ಎಲ್ಲ ಮೊಬೈಲ್‌ಗಳೂ ಕೊಡಲಾರವು. ಪವರ್ ಬ್ಯಾಂಕಿಗೆ ಜೋಡಿಸಿದ ಯುಎಸ್‌ಬಿ ಹಬ್ ನಡುವೆ ಹಾಕಿದ ಮೇಲೆ ನಡೆಯಿತು. ಅವರು ಆ ನುಡಿಯನ್ನು ಹಾಡಿದರು, ಆದರೆ ನಾನಾನ ಹಾಡಿನಲ್ಲಿ ಕೇಳುವ ಅರ್ಧ ಮಾತಿಗೆ ಅದು ಪೂರ್ತಿ ಹೊಂದುವುದಿಲ್ಲ. ಯಾವುದು ಸರಿ ಎಂದು ಕೇಳಿದೆ. ‘ಅದು ಅವನ ಪದ, ಇದು ನನ್ನ ಪದ’ ಎಂದರು.

ಆಗ ಕೊನೆಯ ಪಾಠ ತಿಳಿಯಿತು: ಹೆಸರು ಹೇಳಿಸಬೇಕು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ನಮ್ಮ ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರಿತ್ತು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಬಿರುದುಗಳಷ್ಟೇ ಇದ್ದವು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರು ಹೇಳುತ್ತಿದ್ದರು. ಈಗ ನಾನು ಪ್ರತಿ ಪದಕ್ಕೂ ಮುಂಚೆ ಹಾಡುವವರ ಬಾಯಿಂದಲೇ ಹೆಸರು, ಊರು, ದಿನಾಂಕ ಹೇಳಿಸುತ್ತೇನೆ. ಎರಡು ಕಡೆ ಕಾಪಿ ಇಡುತ್ತೇನೆ. ಆ ಹರಿದ ರೆಕಾರ್ಡಿಂಗನ್ನೂ ಅಳಿಸಿಲ್ಲ.

ಗೆಳೆಯರೇ, ನಿಮ್ಮ ಮನೆಯಲ್ಲೂ ಹಾಡುವ ಅಜ್ಜ ಅಜ್ಜಿಯರಿದ್ದಾರೆ. ಈ ರಜೆಯಲ್ಲೇ ಅವರ ಮುಂದೆ ಕುಳಿತುಕೊಳ್ಳಿ. ಪೆಟ್ಟಿಗೆ ಸಿಗದಿದ್ದರೆ ಮೊಬೈಲಾದರೂ ಸಾಕು, ಫ್ಯಾನ್ ಆರಿಸಿ. ಪೆಟ್ಟಿಗೆ ಸಿಕ್ಕರೆ ಕೆಂಪು ದೀಪದ ಮೇಲೆ ಒಂದು ಕಣ್ಣಿರಲಿ.