ಸಕ್ಕರೆ ಆರತಿಯ ದಿನಗಳಲ್ಲಿ ಮಕ್ಕಳ ಹಲ್ಲಿನ ರಕ್ಷಣೆ

ದೀಪಾವಳಿಯ ಅಮಾವಾಸ್ಯೆ ಕಳೆದು ಹದಿನೈದು ದಿನಕ್ಕೆ ಗೌರಿ ಹುಣ್ಣಿಮೆ ಬರುತ್ತದೆ. ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ಮನೆಗಳಲ್ಲಿ ಆಗ ಸಕ್ಕರೆ ಪಾಕವನ್ನು ಅಚ್ಚುಗಳಿಗೆ ಸುರಿದು ಗೊಂಬೆಗಳನ್ನು ಮಾಡಲಾಗುತ್ತದೆ. ಹೆಣ್ಣುಮಕ್ಕಳು ಅವುಗಳನ್ನು ತಟ್ಟೆಯಲ್ಲಿಟ್ಟು ಗೌರಿಗೆ ಆರತಿ ಬೆಳಗುತ್ತಾರೆ. ಇದೇ ಕಾಲಕ್ಕೆ ಕೃಷ್ಣಾ, ಘಟಪ್ರಭಾ ನದಿಗಳ ಬಯಲಿನಲ್ಲಿ ಕಬ್ಬು ಕಟಾವು ಆರಂಭವಾಗಿ, ಗಾಣಗಳಿಂದ ಹೊಸ ಬೆಲ್ಲ ಮನೆ ಸೇರುತ್ತದೆ. ಅಲ್ಲಿಂದ ಸಂಕ್ರಮಣದ ಕುಸುರೆಳ್ಳಿನವರೆಗೆ ಸುಮಾರು ಎರಡು ತಿಂಗಳು ಮಕ್ಕಳ ಕೈಯಲ್ಲಿ ಸಿಹಿ ತಪ್ಪುವುದಿಲ್ಲ. ಈ ಸಂಭ್ರಮವನ್ನು ನಿಲ್ಲಿಸಬೇಕಾಗಿಲ್ಲ. ಸಿಹಿ ತಿನ್ನುವ ಕ್ರಮವನ್ನು ತಿದ್ದಿಕೊಳ್ಳುವುದು ಅಗತ್ಯ.

ಹಲ್ಲು ಹುಳುಕಾಗುವ ಬಗೆ

ಹುಳುಕು ಹಲ್ಲಿನೊಳಗೆ ಯಾವ ಹುಳುವೂ ಇರುವುದಿಲ್ಲ. ಹಲ್ಲಿನ ಮೇಲೆ ಕೂಡುವ ಅಂಟು ಪದರದಲ್ಲಿರುವ ಸೂಕ್ಷ್ಮಜೀವಿಗಳು ಸಿಹಿಯನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಈ ಆಮ್ಲವು ಹಲ್ಲಿನ ಹೊರಕವಚವಾದ ಎನಾಮಲ್‌ನಿಂದ ಖನಿಜಾಂಶವನ್ನು ಕರಗಿಸತೊಡಗುತ್ತದೆ. ಜೊಲ್ಲುರಸವು ಅದನ್ನು ಶಮನಗೊಳಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆ ಬಳಿಕವೇ ಕಳೆದುಹೋದ ಖನಿಜವು ಸ್ವಲ್ಪ ಸ್ವಲ್ಪವಾಗಿ ಮರಳಿ ತುಂಬಿಕೊಳ್ಳುತ್ತದೆ.

ಆದ್ದರಿಂದ ಎಷ್ಟು ತಿಂದರು ಎಂಬುದರ ಜೊತೆಗೆ ಎಷ್ಟು ಸಲ ತಿಂದರು ಎಂಬುದನ್ನೂ ಲೆಕ್ಕ ಹಾಕಬೇಕು. ಒಂದು ಮಗು ಐದು ಸಕ್ಕರೆ ಗೊಂಬೆಗಳನ್ನು ಊಟದೊಡನೆ ತಿಂದರೆ ಹಲ್ಲಿನ ಮೇಲೆ ಆಮ್ಲದ ದಾಳಿ ಒಂದೇ ಸಲ. ಅವೇ ಐದನ್ನು ಗಂಟೆಗೊಂದರಂತೆ ಚೀಪಿದರೆ ಐದು ಸಲ; ಹಲ್ಲು ಚೇತರಿಸಿಕೊಳ್ಳಲು ಬಿಡುವೇ ದೊರೆಯದು. ಮಗ್ಗದ ಮುಂದೆ ಕುಳಿತು ದಿನವಿಡೀ ಗುಟುಕು ಗುಟುಕಾಗಿ ಸಿಹಿ ಚಹಾ ಕುಡಿಯುವ ಹಿರಿಯರಿಗೂ ಇದೇ ಮಾತು ಅನ್ವಯಿಸುತ್ತದೆ.

ಬೆಲ್ಲದ ಬಗೆಗಿನ ತಪ್ಪು ತಿಳಿವಳಿಕೆ

ಸಕ್ಕರೆ ಕೆಟ್ಟದ್ದು, ಬೆಲ್ಲದಿಂದ ಹಲ್ಲಿಗೆ ತೊಂದರೆಯಿಲ್ಲ ಎಂದು ಅನೇಕರು ನಂಬಿದ್ದಾರೆ. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಸುಕ್ರೋಸ್ ಎಂಬ ಅದೇ ಸಕ್ಕರೆ. ಹಲ್ಲಿಗೆ ಅಂಟಿ, ಸಂದಿಯಲ್ಲಿ ಉಳಿಯುವ ಬೆಲ್ಲದ ಉಂಡಿ, ಚಿಕ್ಕಿ, ಕರದಂಟುಗಳು ಆಮ್ಲದ ಅವಧಿಯನ್ನು ಇನ್ನೂ ಹೆಚ್ಚಿಸುತ್ತವೆ.

ಆರನೆಯ ವರ್ಷದ ದವಡೆ ಹಲ್ಲು

ಸುಮಾರು ಆರು ವರ್ಷಕ್ಕೆ, ಯಾವ ಹಾಲುಹಲ್ಲೂ ಬೀಳದೆ, ಬಾಯಿಯ ಹಿಂಭಾಗದಲ್ಲಿ ಮೊದಲ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಅದನ್ನು ಹಾಲುಹಲ್ಲೆಂದು ಭಾವಿಸಿ, ಹುಳುಕಾದರೂ "ಬಿದ್ದು ಮತ್ತೆ ಬರುತ್ತದೆ" ಎಂದು ಪಾಲಕರು ಸುಮ್ಮನಾಗುವುದುಂಟು. ಈ ಹಲ್ಲು ಬಿದ್ದರೆ ಮತ್ತೆ ಬರುವುದಿಲ್ಲ. ಒಂದನೆಯ ತರಗತಿಯ ಮಗುವಿನ ನಿರ್ಲಕ್ಷ್ಯಕ್ಕೊಳಗಾದ ಹಲ್ಲಿನ ನಷ್ಟವನ್ನು ಅದು ಜೀವನಪೂರ್ತಿ ಅನುಭವಿಸಬೇಕಾಗುತ್ತದೆ.

ಪಾಲಕರು ಅನುಸರಿಸಬೇಕಾದ ಕ್ರಮಗಳು

1. ಹೋಳಿಗೆ, ಉಂಡಿ, ಸಕ್ಕರೆ ಗೊಂಬೆಗಳನ್ನು ಊಟದೊಡನೆಯೇ ಕೊಡಬೇಕು. ನಡುವೆ ಹಸಿವಾದರೆ ಹುರಿದ ಶೇಂಗಾ, ರೊಟ್ಟಿ ಇಲ್ಲವೆ ಸಕ್ಕರೆ ಹಾಕದ ಮಜ್ಜಿಗೆ ಕೊಡಬಹುದು.
2. ಸಿಹಿಯ ಡಬ್ಬಿ ಮಕ್ಕಳ ಕೈಗೆ ಎಟಕುವಂತಿರಬಾರದು. ಸಿಹಿ ತಿಂದೊಡನೆ ನೀರಿನಿಂದ ಬಾಯಿ ಮುಕ್ಕಳಿಸಬೇಕು.
3. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಹಲ್ಲುಜ್ಜಿಸಬೇಕು. ನಿದ್ರೆಯಲ್ಲಿ ಜೊಲ್ಲುರಸ ಕಡಿಮೆಯಾಗುವುದರಿಂದ ಮಲಗುವ ಮುನ್ನ ಉಜ್ಜುವುದು ಅತಿ ಮುಖ್ಯ. ಆಮೇಲೆ ನೀರಿನ ಹೊರತು ಏನನ್ನೂ ಕೊಡಬಾರದು.
4. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ಅದನ್ನು ನುಂಗದೆ ಉಗುಳಲು ಕಲಿಸಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಪೇಸ್ಟಿನ ಬಳಕೆಯ ಬಗ್ಗೆ ದಂತ ವೈದ್ಯರ ಸಲಹೆ ಪಡೆಯಬೇಕು.
5. ಏಳೆಂಟು ವರ್ಷದವರೆಗೆ ಹಿರಿಯರೇ ನಿಂತು ಉಜ್ಜಿಸಬೇಕು. ಇಟ್ಟಂಗಿ ಪುಡಿ, ತಂಬಾಕಿನ ಮಿಶ್ರಿ ಬಳಸಲೇಬಾರದು.

ಹಲ್ಲಿನ ಮೇಲೆ ಸುಣ್ಣದಂತಹ ಬಿಳಿ ಕಲೆ ಅಥವಾ ಕಪ್ಪು ಗುಳಿ ಕಂಡರೆ ನೋವು ಬರುವವರೆಗೆ ಕಾಯಬಾರದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿಗೆ ಇಲ್ಲವೆ ಶಾಲೆಗೆ ಬಂದಾಗ ಮಗುವಿನ ಬಾಯಿಯನ್ನು ತೋರಿಸಬೇಕು. ಇಲ್ಲವೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಶಾಲೆಗಳಿಗೆ ಚಟುವಟಿಕೆ

ಗೌರಿ ಹುಣ್ಣಿಮೆಯ ಮರುದಿನದಿಂದ ಒಂದು ವಾರ, ಪ್ರತಿ ವಿದ್ಯಾರ್ಥಿಯೂ ದಿನಕ್ಕೆ ಎಷ್ಟು ಸಲ ಸಿಹಿ ತಿಂದೆನೆಂಬುದನ್ನು ಗೆರೆ ಎಳೆದು ದಾಖಲಿಸಲಿ. ಊಟದೊಡನೆ ತಿಂದದ್ದಕ್ಕೆ ಒಂದು ಬಣ್ಣ, ಊಟದ ನಡುವೆ ತಿಂದದ್ದಕ್ಕೆ ಇನ್ನೊಂದು ಬಣ್ಣ ಇರಲಿ. ವಾರಾಂತ್ಯಕ್ಕೆ ಆ ಹಾಳೆಯನ್ನು ಮನೆಯಲ್ಲಿ ತೋರಿಸಲಿ. ಎರಡನೆಯ ಬಣ್ಣದ ಗೆರೆಗಳು ಮುಂದಿನ ವಾರ ಕಡಿಮೆಯಾದರೆ ಪಾಠ ಫಲಿಸಿದಂತೆ.